ತುಳಸಿ ಇದ್ದಲ್ಲೇ ಮೂಡು

ನಾನು ಓದಿದ್ದು ಬಿಸಿಯಾದ, ಭಾರವಾದ ನಕ್ಷತ್ರಗಳ ಕಾಂತಕ್ಷೇತ್ರದ ಬಗ್ಗೆ. ಕಾರವಾರ, ಅಂಕೋಲೆ ಎರಡೂ ತಾಲೂಕು ಸೇರಿಸಿದರೂ ಇದನ್ನು ಓದಿದವಳು ಬಹುಶಃ ನಾನೊಬ್ಬಳೇ. ಆದ್ದರಿಂದ ನನ್ನೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಈ ವಿಷಯ ಚೆನ್ನಾಗಿ ಗೊತ್ತಿದೆ.

ಅಂಕೋಲೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಅಲ್ಲಿ ಇತಿಹಾಸ ಹೇಳಿಕೊಡುವ ಸಹೋದ್ಯೋಗಿಯೊಬ್ಬರು ತಮ್ಮ ನೀರಿನ ಬಾಟಲಿಗೆ ಅಯಸ್ಕಾಂತದ ಪಟ್ಟಿ ಸುತ್ತಿಕೊಂಡು ಬರುತ್ತಾರೆ. ಆ ನೀರು ಕುಡಿದರೆ ಮಂಡಿನೋವು ಹೋಗುತ್ತದಂತೆ. ಹೋಯಿತೇ ಎಂದು ಕೇಳಿದರೆ, ಇನ್ನೂ ಹೋಗಿಲ್ಲ, ಆದರೆ ಹೋಗುವ ಲಕ್ಷಣ ಇದೆ ಎನ್ನುತ್ತಾರೆ. ನಿಮ್ಮದೇ ಸಬ್ಜೆಕ್ಟಲ್ಲವೇ ಎಂದು ಪ್ರತಿಸಲವೂ ನನ್ನ ಮುಖ ನೋಡುತ್ತಾರೆ, ಆ ಪಟ್ಟಿಯನ್ನು ನಾನೇ ಮಾರಿದವಳ ಹಾಗೆ. ದೂರದ ಸಂಬಂಧದ ಹೆಂಗಸೊಬ್ಬಳು ಮದುವೆಮನೆಯ ಪಂಕ್ತಿಯಲ್ಲಿ ಕೂತು, ನನಗೆ ಲಗ್ನ ಕೂಡಿಬರದೇ ಇದ್ದದ್ದಕ್ಕೂ ಆ ನಕ್ಷತ್ರಗಳ ಸೆಳೆತವೇ ಕಾರಣವಿರಬಹುದೇ ಎಂದು ವಿಚಾರಿಸಿದ್ದಳು. ಇರಬಹುದು ಅಂದೆ. ಊಟದ ಎಲೆಯ ಮುಂದೆ ಜಗಳ ಆಡಬಾರದು.

ನಿಜಕ್ಕೂ ನಾನು ಓದಿದ್ದು ಇಷ್ಟೇ. ನಮ್ಮ ಸೂರ್ಯ ಒಂದು ಸಾಧಾರಣ ನಕ್ಷತ್ರ. ಅದರ ಹೊರಪದರ ಒಲೆಯ ಮೇಲಿನ ಗಂಜಿಯ ಹಾಗೆ ಸದಾ ಕುದಿಯುತ್ತಿರುತ್ತದೆ. ಆ ಕುದಿತ, ಅದರ ಜೊತೆಗೆ ಅದು ತಿರುಗುವುದು, ಇವೆರಡರಿಂದ ಅದರ ಕಾಂತಕ್ಷೇತ್ರ ಹುಟ್ಟುತ್ತದೆ, ಕೆಡುತ್ತದೆ, ಮತ್ತೆ ಹುಟ್ಟುತ್ತದೆ. ಸೂರ್ಯನ ಹತ್ತು ಇಪ್ಪತ್ತು ಪಟ್ಟು ಭಾರವಿರುವ, ನೀಲಿಯಾಗಿ ಉರಿಯುವ ನಕ್ಷತ್ರಗಳ ಹೊರಪದರ ಹಾಗೆ ಕುದಿಯುವುದಿಲ್ಲ. ಕುದಿಯದಿದ್ದ ಮೇಲೆ ಅಲ್ಲಿ ಕಾಂತಕ್ಷೇತ್ರಕ್ಕೆ ಕೆಲಸವಿಲ್ಲ. ಆದರೂ ಹತ್ತರಲ್ಲಿ ಸುಮಾರು ಒಂದಕ್ಕೆ ಇರುತ್ತದೆ. ಅದೂ ಗಟ್ಟಿಯಾದದ್ದು, ವರ್ಷಗಟ್ಟಲೆ ನೋಡಿದರೂ ಕದಲದೇ ಇರುವಂಥದ್ದು. ಎಲ್ಲಿಂದ ಬಂತು ಎನ್ನುವುದಕ್ಕೆ ಇನ್ನೂ ಒಮ್ಮತವಿಲ್ಲ. ಎರಡು ನಕ್ಷತ್ರಗಳು ಕೂಡಿ ಒಂದಾದಾಗ ಹುಟ್ಟಿದ್ದು ಎನ್ನುವವರು ಕೆಲವರು. ನಕ್ಷತ್ರ ಯಾವ ಮೋಡದಿಂದ ಹುಟ್ಟಿತೋ ಆ ಮೋಡದಲ್ಲಿ ಇದ್ದದ್ದೇ ಒಳಗೆ ಸಿಕ್ಕಿಕೊಂಡು ಉಳಿದಿದೆ ಎನ್ನುವವರು ಕೆಲವರು. ಮೋಡ ಎಂದೋ ಚದುರಿ ಹೋಗಿರುತ್ತದೆ, ಕ್ಷೇತ್ರ ಮಾತ್ರ ಉಳಿದಿರುತ್ತದೆ. ಅದಕ್ಕೆ ಪಳೆಯುಳಿಕೆ ಕ್ಷೇತ್ರ ಎಂದು ಹೆಸರು.

ಈ ಕ್ಷೇತ್ರ ನಕ್ಷತ್ರದ ಮೈಯಿಂದ ಬೀಸುವ ಗಾಳಿಯನ್ನು ಹಿಡಿದು ತನ್ನ ಜೊತೆಗೇ ತಿರುಗಿಸುತ್ತದೆ. ಅಷ್ಟು ದೂರದವರೆಗೆ ಗಾಳಿಯನ್ನು ಎಳೆದುಕೊಂಡು ತಿರುಗುವ ನಕ್ಷತ್ರ, ಲಕ್ಷಾಂತರ ವರ್ಷಗಳಲ್ಲಿ, ನಿಧಾನವಾಗುತ್ತ ಬರುತ್ತದೆ. ಒಂದು ಸುತ್ತು ತಿರುಗಲು ಹತ್ತಾರು ವರ್ಷ ತೆಗೆದುಕೊಳ್ಳುವ ನಕ್ಷತ್ರಗಳೂ ಇವೆ. ಇದನ್ನೆಲ್ಲ ತಿಳಿಯಲು, ಎಲ್ಲೋ ಬೆಟ್ಟದ ಮೇಲಿನ ದೂರದರ್ಶಕ ಹಿಡಿದು ಕೊಟ್ಟ ಬೆಳಕನ್ನು ಹರವಿ, ಅದರಲ್ಲಿರುವ ಕಪ್ಪು ಗೆರೆಯೊಂದು ಕೂದಲೆಳೆಯಷ್ಟು ಸೀಳಿದೆಯೋ ಇಲ್ಲವೋ ಎಂದು ನೋಡುತ್ತ ನನ್ನ ಒಳ್ಳೆಯ ವಯಸ್ಸನ್ನೆಲ್ಲ ಕಳೆದೆ. ಸೀಳಿದ್ದರೆ ಅಲ್ಲಿ ಕ್ಷೇತ್ರವಿದೆ ಎಂದರ್ಥ. ಬಹಳ ಸಲ ಸೀಳಿರಲಿಲ್ಲ. ನನಗೆ ಅದರಲ್ಲೂ ಖುಷಿಯಿತ್ತು.

ಹೋದ ವರ್ಷ ಕಾಲೇಜಿನವರು ಇದನ್ನೇ ಒಂದು ಉಪನ್ಯಾಸ ಮಾಡಿ ಅಂದರು. ಮಾಡಿದೆ. ಉಪನ್ಯಾಸಕ್ಕಿಂತ ಸನ್ಮಾನ ಉದ್ದವಾಗಿತ್ತು. ಶಾಲು, ಹಣ್ಣಿನ ಬುಟ್ಟಿ, ಗಂಧದ ಬಣ್ಣ ಹಚ್ಚಿದ ಪ್ಲಾಸ್ಟಿಕ್ಕಿನ ಹಾರ. ಅಧ್ಯಕ್ಷರಾಗಿ ಬಂದವರು, ನಮ್ಮ ಪೂರ್ವಜರು ಇದನ್ನೆಲ್ಲ ಎಂದೋ ತಿಳಿದಿದ್ದರು, ಅದಕ್ಕೇ ಉತ್ತರಕ್ಕೆ ತಲೆ ಹಾಕಿ ಮಲಗಬೇಡಿ ಅಂದದ್ದು, ಇವತ್ತು ವಿಜ್ಞಾನಿಗಳೇ ಅದನ್ನು ಒಪ್ಪಿದರು ಎಂದು ಭಾಷಣ ಮುಗಿಸಿದರು. ಒಪ್ಪಿದ ವಿಜ್ಞಾನಿ ನಾನು. ಶಾಲು ಹೊದ್ದು, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಸುದ್ದಿ ಬಂತು: ನಕ್ಷತ್ರಗಳನ್ನೇ ನಿಲ್ಲಿಸುವ ಅಯಸ್ಕಾಂತ ಶಕ್ತಿ. ಕೆಳಗೆ ನನ್ನ ಫೋಟೊ, ಬಾಳೆಹಣ್ಣಿನ ಹಿಂದೆ ಅರ್ಧ ಮುಖ. ನಮ್ಮ ಕಡೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಬರಗಾಲವಿಲ್ಲ. ನಕ್ಕು ಆ ಪತ್ರಿಕೆಯನ್ನು ಕಪಾಟಿನ ಹಲಗೆಗೆ ಹಾಸಿದೆ. ಕಾರವಾರದಲ್ಲಿ ನನ್ನ ಅಣ್ಣ ಅದನ್ನು ಕತ್ತರಿಸಿ ದೇವರ ಗೂಡಿನ ಪಕ್ಕ ಅಂಟಿಸಿದ್ದ.

ಅಣ್ಣನ ಮನೆಯೇ ನಮ್ಮ ಮನೆ. ನಾವು ಮೂಲತಃ ಚೆಂಡಿಯಾದ ಬದಿಯವರು, ಗದ್ದೆ ಮಾಡಿಕೊಂಡಿದ್ದವರು. ನೌಕಾನೆಲೆಗೆ ಜಾಗ ಹೋದಾಗ ಊರೇ ಎದ್ದಿತು, ನಮಗೆ ಪುನರ್ವಸತಿ ಕಾಲನಿಯಲ್ಲಿ ಒಂದು ತುಂಡು ಜಾಗ ಬಂತು. ಹಳೆಯ ಮನೆಯಿಂದ ಅಪ್ಪ ತಂದದ್ದರಲ್ಲಿ ನನಗೆ ನೆನಪಿರುವುದು ತುಳಸಿ. ಬುಡದ ಮಣ್ಣಿನ ಸಮೇತ ಅಗೆದು, ಗೋಣಿಚೀಲದಲ್ಲಿ ಸುತ್ತಿ, ಟೆಂಪೋದಲ್ಲಿ ಬೇರೆ ಯಾರ ಕೈಗೂ ಕೊಡದೆ ತನ್ನ ಕಾಲ ನಡುವೆ ಇಟ್ಟುಕೊಂಡು ತಂದಿದ್ದ. ಹೊಸ ಜಾಗದಲ್ಲಿ ಮನೆ ಏಳುವ ಮೊದಲೇ, ರಸ್ತೆಯ ಬದಿಗೆ ಚಿರೇಕಲ್ಲಿನ ಕಟ್ಟೆ ಕಟ್ಟಿ ಅದನ್ನು ನೆಟ್ಟ. ನಮ್ಮಲ್ಲಿ ಬಾಗಿಲು ಮೂಡಿಗೆ, ಅಂದರೆ ಪೂರ್ವಕ್ಕೆ, ಬಾಗಿಲ ಎದುರು ತುಳಸಿ. ಚೆಂಡಿಯಾದಲ್ಲಿ ಹಾಗೇ ಇತ್ತು, ಹಿಂದೆ ಸಮುದ್ರ, ಮುಂದೆ ಮೂಡು. ಕಾಲನಿಯಲ್ಲೂ ಅಪ್ಪ ತುಳಸಿಗೆ ನೀರು ಹೊಯ್ದು, ಇದು ನಮ್ಮ ಮೂಡು ಅಂದ. ನಾವು ಆ ಬದಿಗೆ ಬಾಗಿಲಿಟ್ಟೆವು. ಅಪ್ಪ ಹೋಗಿ ಈಗ ಬಹಳ ವರ್ಷವಾಯಿತು.

ಆಯಿ, ನಮ್ಮ ಅಮ್ಮ, ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಶನ್ ಆಯಿತು. ಮಲಗಿಯೇ ಇರಬೇಕು ಅಂದರು. ಅವಳ ಕಬ್ಬಿಣದ ಮಂಚವನ್ನು ಹೊರಕೋಣೆಯಲ್ಲಿ, ತುಳಸಿಯ ಬದಿಯ ಗೋಡೆಗೆ ಉದ್ದಕ್ಕೆ ಹಾಕಿದ್ದರು. ಎಡಕ್ಕೆ ಹೊರಳಿದರೆ ಕಿಟಕಿ, ಕಿಟಕಿಯಲ್ಲಿ ತುಳಸಿಕಟ್ಟೆ, ಅದರಾಚೆ ರಸ್ತೆ. ಆ ಕಿಟಕಿಯೊಂದೇ ಅವಳ ಸಂಸಾರವಾಯಿತು. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸು ಕಟ್ಟೆಯ ಹತ್ತಿರ ನಿಂತು, ಇವತ್ತು ಬಂಗಡೆ ಇದೆ, ಆದರೆ ನಿಮಗೆ ಕೊಡುವಂಥದ್ದಲ್ಲ ಎಂದು ಕೂಗಿ ಹೇಳುತ್ತಿದ್ದಳು. ಹಳೆಯ ಊರಿನ ಹೆಂಗಸರು ಕೂಲಿಗೆ ಹೋಗುವಾಗ, ಬರುವಾಗ ಸರಳು ಹಿಡಿದು ನಿಂತು ಊರಿನ ಸುದ್ದಿಯನ್ನೆಲ್ಲ ಒಳಗೆ ಹಾಕಿ ಹೋಗುತ್ತಿದ್ದರು. ಯಾರ ಮಗಳು ಬಾಣಂತಿ, ಯಾರ ಮನೆಯ ಬಾವಿ ಬತ್ತಿತು, ಯಾರು ಗೋವಾದಲ್ಲಿ ಹೊಸ ಕೆಲಸಕ್ಕೆ ಸೇರಿದರು, ಎಲ್ಲ ಆಯಿಗೆ ಮೊದಲು ಗೊತ್ತಾಗುತ್ತಿತ್ತು. ಎದ್ದು ಓಡಾಡುತ್ತಿದ್ದಾಗಲೂ ಅವಳಿಗೆ ಇಷ್ಟು ಸುದ್ದಿ ಸಿಕ್ಕಿರಲಿಲ್ಲ.

ನಾನು ಭಾನುವಾರಗಳಲ್ಲಿ ಅಂಕೋಲೆಯಿಂದ ಬಸ್ಸು ಹತ್ತಿ ಹೋಗುತ್ತೇನೆ. ಪರೀಕ್ಷೆಯ ಕೆಲಸದಿಂದಾಗಿ ಕೆಲವು ವಾರ ಹೋಗಲಾಗಲಿಲ್ಲ. ಮತ್ತೆ ಹೋದ ಭಾನುವಾರ ಮಧ್ಯಾಹ್ನ ಒಳಗೆ ಕಾಲಿಟ್ಟರೆ ಮಂಚ ಅಡ್ಡ ತಿರುಗಿತ್ತು. ಆಯಿಯ ತಲೆ ಕಿಟಕಿಯ ಕೆಳಗೆ, ಕಾಲು ಮನೆಯ ಒಳಕ್ಕೆ. ಅವಳ ಕಣ್ಣೆದುರು ಇದ್ದದ್ದು ಸ್ಟೀಲಿನ ಕಪಾಟು, ಅದರ ಮೇಲೆ ಕಟ್ಟಿಟ್ಟ ಹಾಸಿಗೆ. ಬಂದೆಯಾ ಅಂದಳು, ಅಷ್ಟೇ. ವೈನಿ, ಅಣ್ಣನ ಹೆಂಡತಿ, ಗಂಜಿ ತಂದಳು. ಎರಡು ಚಮಚ ಕುಡಿದು ಆಯಿ ಬಾಯಿ ಮುಚ್ಚಿಕೊಂಡಳು. ಕೆಲವು ದಿನದಿಂದ ಹೀಗೇ, ಮಾತೂ ಇಲ್ಲ, ಊಟವೂ ಇಲ್ಲ ಎಂದು ವೈನಿ ಅಡುಗೆಮನೆಯಲ್ಲಿ ನನಗೆ ಹೇಳಿದಳು. ಕಣ್ಣಲ್ಲಿ ನೀರಿತ್ತು. ಆಯಿಯ ಮೈ ಒರೆಸುವವಳು, ಮಲಮೂತ್ರ ತೆಗೆಯುವವಳು ಅವಳೇ. ಅವಳ ಬಗ್ಗೆ ನನಗೆ ತಾತ್ಸಾರವಿಲ್ಲ. ಇದ್ದ ತಾತ್ಸಾರವನ್ನೆಲ್ಲ ನಾನು ಇನ್ನೊಬ್ಬರಿಗೆ ಎತ್ತಿಟ್ಟಿದ್ದೇನೆ.

ಆ ಇನ್ನೊಬ್ಬರು ಪೇಟೆಯಿಂದ ಬಂದ ವಾಸ್ತು ನೋಡುವವರು. ಸೊಂಟ ಬೇಗ ಕೂಡುತ್ತಿಲ್ಲ ಎಂದು ಹೆದರಿ ಅಣ್ಣ ಅವರನ್ನು ಕರೆಸಿದ್ದ. ಅವರನ್ನು ನಾನು ನೋಡಿಲ್ಲ, ವೈನಿ ಭಕ್ತಿಯಿಂದ ವರ್ಣಿಸಿದ್ದನ್ನು ಹೇಳುತ್ತೇನೆ. ಕೈಗೆ ತಾಮ್ರದ ಬಳೆ, ಮಖಮಲ್ಲಿನ ಪೆಟ್ಟಿಗೆಯಲ್ಲಿ ಹಿತ್ತಾಳೆಯ ದಿಕ್ಸೂಚಿ. ಒಳಗೆ ಬಂದವರು ಮೊದಲು, ಮೂಡು ಯಾವುದು ಎಂದು ಕೇಳಿದರಂತೆ. ದಿಕ್ಸೂಚಿ ತಂದವರು ದಿಕ್ಕು ಕೇಳಿದರು. ಅಣ್ಣ ವೈನಿ ಇಬ್ಬರೂ ತುಳಸಿಯ ಕಡೆ ಕೈ ತೋರಿಸಿದರು. ಆಮೇಲೆ ಅವರು ದಿಕ್ಸೂಚಿಯನ್ನು ತೆಗೆದು ಮಂಚದ ಮೇಲಿಟ್ಟರು. ಕಬ್ಬಿಣದ ಮಂಚದ ಮೇಲೆ. ಮುಳ್ಳು ಹುಚ್ಚು ಹಿಡಿದ ಹಾಗೆ ಆಡಿತಂತೆ. ಇಲ್ಲಿ ಭಾರೀ ದೋಷ ಇದೆ ಎಂದು ಅದನ್ನು ಹಾಸಿಗೆಯ ಮೇಲೆ ಆಚೆ ಈಚೆ ಸರಿಸಿ, ಮುಳ್ಳು ತುಳಸಿಯ ಲೆಕ್ಕಕ್ಕೆ ಹೊಂದಿದ ಮೇಲೆ, ಈಗ ಸರಿ ಬಂತು ಅಂದರು. ಅಳತೆ ಮಾಡುವ ಮೊದಲೇ ಉತ್ತರ ಗೊತ್ತಿರುವವರನ್ನು ನನ್ನ ವೃತ್ತಿಯಲ್ಲೂ ಕಂಡಿದ್ದೇನೆ, ಆದರೆ ಅವರು ಕದ್ದು ಮಾಡುತ್ತಾರೆ.

ತೀರ್ಪು ಹೀಗೆ ಬಂತು: ಮುದುಕಿಯ ತಲೆ ಉತ್ತರಕ್ಕಿದೆ, ಭೂಮಿಯ ಅಯಸ್ಕಾಂತ ಅವಳ ರಕ್ತದೊಳಗಿನ ಕಬ್ಬಿಣವನ್ನು ಎಳೆಯುತ್ತಿದೆ, ಮೂಳೆ ಕೂಡುವುದಾದರೂ ಹೇಗೆ? ತಲೆ ಮೂಡಿಗೆ ಬರಬೇಕು. ಅಷ್ಟರಲ್ಲಿ ದೇವರ ಗೂಡಿನ ಪಕ್ಕದ ಪತ್ರಿಕೆಯ ತುಂಡು ಅವರ ಕಣ್ಣಿಗೆ ಬಿತ್ತಂತೆ. ನಿಮ್ಮ ತಂಗಿಯೇ ಹೇಳಿದ್ದಾರಲ್ಲ, ಅಯಸ್ಕಾಂತ ನಕ್ಷತ್ರವನ್ನೇ ನಿಲ್ಲಿಸುತ್ತದೆ, ಇನ್ನು ಮುದುಕಿಯ ರಕ್ತ ಯಾವ ಲೆಕ್ಕ ಅಂದರಂತೆ. ಹೀಗೆ ನಾನು ಕಣ್ಣು ಹಾಳು ಮಾಡಿಕೊಂಡು ಕಲಿತ ವಿದ್ಯೆ ನನ್ನ ತಾಯಿಯ ಕಿಟಕಿಯನ್ನು ಕಿತ್ತುಕೊಂಡಿತು.

ಅಣ್ಣ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದ. ನಾನು ಎದುರು ಕೂತು ಶುರುಮಾಡಿದೆ. ರಕ್ತದಲ್ಲಿರುವ ಕಬ್ಬಿಣ ಮೊಳೆಯ ಕಬ್ಬಿಣದಂತಲ್ಲ, ಅಯಸ್ಕಾಂತ ಅದನ್ನು ಎಳೆಯುವುದಿಲ್ಲ ಎಂದೆ. ಭೂಮಿಯ ಕ್ಷೇತ್ರ ಎಷ್ಟು ದುರ್ಬಲವೆಂದರೆ ನಿನ್ನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಬಣ್ಣದ ಮೀನು ಅದಕ್ಕಿಂತ ಎಷ್ಟೋ ಪಟ್ಟು ಬಲವಾದದ್ದು ಎಂದೆ. ಎರಡು ವರ್ಷದ ಹಿಂದೆ ಬೆನ್ನುನೋವೆಂದು ಗೋವಾದ ಆಸ್ಪತ್ರೆಯಲ್ಲಿ ಆಯಿಯನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿದ್ದೆವಲ್ಲ, ಆ ಯಂತ್ರದ ಕ್ಷೇತ್ರ ಭೂಮಿಯದಕ್ಕಿಂತ ಸಾವಿರಾರು ಪಟ್ಟು ದೊಡ್ಡದು, ನಾನು ಓದಿದ ಬಹುತೇಕ ನಕ್ಷತ್ರಗಳ ಮೈಮೇಲೂ ಅಷ್ಟಿರುವುದಿಲ್ಲ, ಅದರೊಳಗಿಂದ ಹೊರಬಂದ ಆಯಿ ಮೊದಲು ಕೇಳಿದ್ದು ಚಹಾ ಎಂದು ನೆನಪಿಸಿದೆ. ಇದು ನನ್ನ ಬ್ರಹ್ಮಾಸ್ತ್ರವಾಗಿತ್ತು. ಅಣ್ಣ ಅದನ್ನು ಡಾಕ್ಟರು ಹೇಳಿದ್ದರು ಎಂಬ ಒಂದು ಮಾತಿನಲ್ಲಿ ಮುರಿದ. ಡಾಕ್ಟರು ಹೇಳಿದ ಅಯಸ್ಕಾಂತ ಒಳ್ಳೆಯದು, ಭೂಮಿಯ ಅಯಸ್ಕಾಂತ ಕೆಟ್ಟದ್ದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮಾಡಿದವನಿಗೂ ಒಬ್ಬ ಅಣ್ಣ ಇದ್ದಿರಬೇಕು.

ಹಾಗಾದರೆ ನಕ್ಷತ್ರದ ಮಾತೇನು ಎಂದು ಅವನು ಕೇಳಿದ. ಅದನ್ನೂ ವಿವರಿಸಿದೆ. ಅಯಸ್ಕಾಂತ ನಕ್ಷತ್ರವನ್ನು ಕೈ ಹಿಡಿದು ನಿಲ್ಲಿಸುವುದಿಲ್ಲ, ಅದರ ಗಾಳಿಯನ್ನು ಹಿಡಿಯುತ್ತದೆ, ಅದಕ್ಕೂ ಲಕ್ಷಾಂತರ ವರ್ಷ ಬೇಕು, ಆಯಿ ಅಷ್ಟು ದಿನ ಇರುವುದಿಲ್ಲ ಎಂದೆ. ಕೊನೆಯ ಮಾತು ಆಡಬಾರದಿತ್ತು. ಅವನ ಮುಖ ಕಪ್ಪಾಯಿತು.

"ನಂಗೆ ಅದೆಲ್ಲ ತಿಳಿಯೂದಿಲ್ಲ ತಂಗಿ," ಅಂದ. "ಆಯಿ ಎದ್ದು ಕೂರ್ಬೇಕು, ಅಷ್ಟೇಯ. ನೀ ಓದಿದ್ದು ಖರೆ ಇರೂದು. ಖರೆ ಇಲ್ದಿದ್ರೆ? ನಾ ಒಂದು ಮಂಚ ವಾಪಸ್ ತಿರುಗಿಸೂಕೆ ಹೋಗಿ ಆಯಿನ ಕಳ್ಕಣ್ಲಾ?"

ಹೆದರಿದವರ ಜೊತೆ ವಾದ ಮಾಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಎದ್ದೆ. ಕಿನ್ನರಿ ಬಾರಿಸಿದವಳು ನಾನು ಎಂಬ ಸಮಾಧಾನ ಒಂದಿತ್ತು. ಒಳಗೆ ಹೋಗಿ ಆಯಿಯ ಕಾಲ ಬಳಿ ಸ್ವಲ್ಪ ಹೊತ್ತು ಕೂತೆ. ರಸ್ತೆಯಲ್ಲಿ ಯಾರೋ ಹೆಂಗಸು ಹೋಗುತ್ತ, ಅಜ್ಜಿ ಮಲಗಿದ್ದಾರೇನೋ ಎಂದು ಇನ್ನೊಬ್ಬಳಿಗೆ ಹೇಳಿದ್ದು ಕೇಳಿಸಿತು. ಸರಳಿನ ಹತ್ತಿರ ಬಂದರೂ ಅವರಿಗೆ ಆಯಿಯ ಮುಖ ಕಾಣುವುದಿಲ್ಲ, ಆಯಿಗೆ ಅವರು ಕಾಣುವುದಿಲ್ಲ. ಮಲಗಿದವಳನ್ನು ಎಬ್ಬಿಸುವುದು ಬೇಡವೆಂದು ಅವರು ಹೋದರು. ಆಯಿ ಕಪಾಟನ್ನೇ ನೋಡುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಂಗಳಕ್ಕೆ ಬಂದು ತುಳಸಿಕಟ್ಟೆಯ ಬುಡದಲ್ಲಿ, ಮನೆಗೆ ಬೆನ್ನು ಹಾಕಿ, ರಸ್ತೆಗೆ ಮುಖ ಮಾಡಿ ಕೂತೆ. ಆ ವಾಸ್ತುವಿನವರನ್ನು, ಅಧ್ಯಕ್ಷರನ್ನು, ಪತ್ರಿಕೆಯವರನ್ನು, ನೀರಿನ ಬಾಟಲಿಯ ಸಹೋದ್ಯೋಗಿಯನ್ನು ಒಬ್ಬೊಬ್ಬರನ್ನಾಗಿ ಕರೆದು ಬೈಯುತ್ತಿದ್ದೆ. ಎಡಗೆನ್ನೆ ಸುಡುತ್ತಿತ್ತು. ಸೆರಗು ಎಳೆದುಕೊಂಡೆ, ಮತ್ತೂ ಸುಟ್ಟಿತು. ಆಗ ತಲೆಯೆತ್ತಿ ನೋಡಿದೆ. ಎಡಗಡೆ, ಪಕ್ಕದ ಮನೆಯ ತೆಂಗಿನ ಆಚೆ, ಸೂರ್ಯ ಮುಳುಗಲು ತಯಾರಾಗಿದ್ದ.

ನಮ್ಮ ಲೆಕ್ಕದಲ್ಲಿ ನಾನು ಮೂಡಿಗೆ ಮುಖ ಮಾಡಿ ಕೂತವಳು. ಮೂಡಿಗೆ ಮುಖ ಮಾಡಿದರೆ ಎಡಕ್ಕೆ ಉತ್ತರ. ಅಂದರೆ ನಮ್ಮ ಮನೆಯಲ್ಲಿ ಸೂರ್ಯ ಉತ್ತರಕ್ಕೆ ಮುಳುಗುತ್ತಾನೆ. ಐನೂರು ಜ್ಯೋತಿರ್ವರ್ಷವೋ ಸಾವಿರ ಜ್ಯೋತಿರ್ವರ್ಷವೋ ದೂರದ ನಕ್ಷತ್ರದ ಅಕ್ಷ ಎತ್ತ ವಾಲಿದೆ ಎಂದು ಹೇಳಬಲ್ಲ ನನಗೆ, ಈ ಅಂಗಳದಲ್ಲಿ ಇಷ್ಟು ವರ್ಷ ಬಟ್ಟೆ ಒಣಗಿಸಿ, ಕೂದಲು ಒಣಗಿಸಿ, ಇದು ಹೊಳೆದಿರಲಿಲ್ಲ. ಉಳಿದವರ ಮಾತು ಕೇಳಲೇಬೇಡಿ. ಅಣ್ಣ ಗೋವಾದ ಕಂಪನಿಯೊಂದಕ್ಕೆ ಕೆಲಸಕ್ಕೆ ಹೋಗುವವನು, ಕತ್ತಲೆ ಹರಿಯುವ ಮೊದಲು ಹೊರಟು ಕತ್ತಲಾದ ಮೇಲೆ ಬರುತ್ತಾನೆ. ವೈನಿಗೆ ಬಿಸಿಲು ಬಂದರೆ ಸಾಕು, ಎತ್ತಲಿಂದ ಬಂತೆಂದು ಕೇಳಲು ಪುರುಸೊತ್ತಿಲ್ಲ. ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆ, ಸೂರ್ಯನೇ ಇರುವುದಿಲ್ಲ. ಉಳಿದ ದಿನ ಅವನು ಎಲ್ಲಿ ಹುಟ್ಟಿದರೂ ಎಲ್ಲಿ ಮುಳುಗಿದರೂ ನಾವು ತುಳಸಿ ಇದ್ದ ಬದಿಯನ್ನೇ ಮೂಡು ಎಂದು ನಂಬಿದೆವು. ತುಳಸಿ ತಪ್ಪಲಾರದು.

ಅಣ್ಣನನ್ನು ಕರೆದೆ. ಸೂರ್ಯ ಎಲ್ಲಿ ಮುಳುಗುತ್ತಿದ್ದಾನೆ ನೋಡು ಎಂದೆ. ನೋಡಿದ. ನಂತರ ತುಳಸಿಯನ್ನು ನೋಡಿದ. ಮತ್ತೆ ಸೂರ್ಯನನ್ನು ನೋಡಿದ, ಅವನೇ ಜಾಗ ಬದಲಿಸಿರಬಹುದು ಎಂಬಂತೆ. ನನ್ನ ಫೋನಿನಲ್ಲಿದ್ದ ದಿಕ್ಸೂಚಿಯನ್ನು, ಅವನ ಸ್ಕೂಟರಿನಿಂದ ದೂರ, ಮಂಚದಿಂದ ದೂರ, ಅಂಗಳದ ನಡುವೆ ಹಿಡಿದು ತೋರಿಸಿದೆ. ಮುಳ್ಳು ನೆಟ್ಟಗೆ ತುಳಸಿಯ ಕಡೆ ನಿಂತಿತು. ತುಳಸಿ ಇರುವುದು ಉತ್ತರಕ್ಕೆ. ಮೊದಲು ಆಯಿಯ ತಲೆ ಇದ್ದದ್ದು ಉತ್ತರಕ್ಕಲ್ಲ, ಪಡುವಣಕ್ಕೆ. ಅದನ್ನು ದೋಷವೆಂದು ತಿರುಗಿಸಿ, ನೀನೂ ನಿನ್ನ ಪಂಡಿತರೂ ಕೂಡಿ ಈಗ ಖುದ್ದು ಉತ್ತರಕ್ಕೆ ತಲೆ ಹಾಕಿಸಿ ಮಲಗಿಸಿದ್ದೀರಿ ಎಂದೆ. ಹೇಳುವಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಇದರಲ್ಲಿ ವಿಜ್ಞಾನ ಏನೂ ಇರಲಿಲ್ಲ. ಅವರ ಮೂಢನಂಬಿಕೆಯಿಂದಲೇ ಅವರಿಗೆ ಹೊಡೆದಿದ್ದೆ. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ.

ವೈನಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣ ಹೆದರಿದ್ದ, ಆದರೆ ಹೆದರಿಕೆಗಿಂತ ದೊಡ್ಡದು ಇನ್ನೇನೋ ಅವನನ್ನು ಹಿಡಿದಿತ್ತು.

"ಹಂಗಾರೆ ಅಪ್ಪ ಹೇಳಿದ್ದು ಸುಳ್ಳೇನೇ?" ಅಂದ.

ಹೌದು, ಸುಳ್ಳು, ದಿಕ್ಕು ತಿಳಿಯದೆ ನೆಟ್ಟ ಎನ್ನಲು ನಾನು ಬಾಯಿ ತೆರೆದಿದ್ದೆ. ಸೂರ್ಯನಿಗಿಂತ ಗೋಣಿಚೀಲವನ್ನು ನಂಬಿದವನು ಎಂಬ ಮಾತು ಕೂಡ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಿಟಕಿಯ ಒಳಗಿಂದ ಆಯಿಯ ದನಿ ಬಂತು. ಅವಳ ತಲೆ ಕಿಟಕಿಯ ಕೆಳಗೇ ಇದ್ದದ್ದರಿಂದ ನಾವು ಅಂಗಳದಲ್ಲಿ ಆಡಿದ್ದೆಲ್ಲ ಅವಳಿಗೆ ಕೇಳಿಸಿತ್ತು. ನಮಗೆ ಸರಳು ಮಾತ್ರ ಕಾಣುತ್ತ ಇತ್ತು.

"ಅವ್ರಿಗೆ ಗೊತ್ತಿತ್ತು," ಅಂದಳು.

ನಾವು ಮೂವರೂ ಒಳಗೆ ಹೋದೆವು. ಆಯಿ ಕಪಾಟನ್ನು ನೋಡುತ್ತಲೇ ಮಾತಾಡಿದಳು. ಬಂದ ಮಾರನೆಯ ದಿನ ಬೆಳಿಗ್ಗೆಯೇ ಸೂರ್ಯ ತುಳಸಿಯ ಬಲಗಡೆ ಎದ್ದದ್ದನ್ನು ಅಪ್ಪ, ಅವಳು ಇಬ್ಬರೂ ಕಂಡಿದ್ದರಂತೆ. ಜಾಗ ಉದ್ದಕ್ಕೆ ಹಾಗೆ ಬಂದಿತ್ತು, ರಸ್ತೆ ಬಡಗು ದಿಕ್ಕಿಗೆ, ಬಾಗಿಲನ್ನು ಬೇರೆ ಬದಿಗೆ ಇಡಲು ಎಡೆಯಿರಲಿಲ್ಲ. ತುಳಸಿಯನ್ನು ಕಿತ್ತು ಪಕ್ಕಕ್ಕೆ ನೆಡೋಣವೇ ಎಂದು ಆಯಿ ಕೇಳಿದ್ದಳು.

"ಗದ್ದೆ ಕೊಟ್ಟೆ, ಬಾವಿ ಕೊಟ್ಟೆ, ಮೂಡನ್ನೂ ಕೊಡೂಕೆ ನನ್ನಿಂದ ಆಗೂದಿಲ್ಲ ಅಂದ್ರು," ಅಂದಳು ಆಯಿ. "ನಾ ಹೂಂ ಅಂದೆ."

ಹಾಗಾದರೆ ಪಂಡಿತರು ಬಂದ ದಿನವೇ ಯಾಕೆ ಹೇಳಲಿಲ್ಲ, ಇಷ್ಟು ದಿನ ಕಿಟಕಿ ಬಿಟ್ಟು ಗೋಡೆ ನೋಡಿಕೊಂಡು ಯಾಕೆ ಬಿದ್ದುಕೊಂಡಿದ್ದೆ ಎಂದು ಅಣ್ಣ ಕೇಳಿದ.

"ಮಕ್ಳ ಎದ್ರಿಗೆ, ಹೊರಗಿನವ್ರ ಎದ್ರಿಗೆ, ನಿಮ್ಮಪ್ಪನ ಮಾತು ಸುಳ್ಳು ಅಂತ ನಾ ಹೇಳೂದಾ?"

ನಾನು ಬಾಯಿ ತುಂಬ ತುಂಬಿಕೊಂಡು ಬಂದಿದ್ದ ಮಾತನ್ನು ನುಂಗಿದೆ. ಅದು ಬಹಳ ಕಹಿಯಾಗಿತ್ತು. ಮೋಡ ಹೋದ ಮೇಲೂ ಉಳಿಯುವ ಕ್ಷೇತ್ರದ ಬಗ್ಗೆ ನಾನು ಪ್ರಬಂಧ ಬರೆದವಳು. ಈ ಜಾಗದಲ್ಲಿ ಅದನ್ನೂ ಇದನ್ನೂ ಹೋಲಿಸಿ ಭಾಷಣದಲ್ಲಿ ಒಂದು ಚಪ್ಪಾಳೆ ಗಿಟ್ಟಿಸುವವರು ಬಹಳ ಜನ ಇದ್ದಾರೆ. ಅಂಥ ಹೋಲಿಕೆಗಳನ್ನು ಕಂಡರೆ ನನಗಾಗುವುದಿಲ್ಲ, ಆದ್ದರಿಂದ ನಾನು ಹೋಲಿಸುವುದಿಲ್ಲ.

ಅಣ್ಣ ಮಂಚಕ್ಕೆ ಕೈ ಹಾಕಿದ. ಎತ್ತ ತಿರುಗಿಸುವುದು ಎಂಬ ಪ್ರಶ್ನೆ ಹೊಸದಾಗಿ ಎದ್ದಿತು. ತಲೆ ದಕ್ಷಿಣಕ್ಕೆ ಒಳ್ಳೆಯದು, ದಿಂಬನ್ನು ಆ ತುದಿಯಿಂದ ಈ ತುದಿಗೆ ಇಟ್ಟರೆ ಮುಗಿಯಿತು, ಕಿಟಕಿಯೂ ನೇರ ಎದುರಿಗೆ ಬರುತ್ತದೆ ಎಂದು ಅವನೇ ಲೆಕ್ಕ ಹಾಕಿದ. ಹಾಗೆ ಮಾಡಿದರೆ ಕಾಲು ತುಳಸಿಯ ಕಡೆ ಆಗುತ್ತದಲ್ಲ ಎಂದು ವೈನಿ ಮೆಲ್ಲಗೆ ಹೇಳಿದಳು. ಆಯಿ ಕೂಡಲೇ ಬೇಡ ಅಂದಳು. ಮೂಡಿಗೆ, ಅಂದರೆ ಸೂರ್ಯನ ಮೂಡಿಗೆ, ತಲೆ ಹಾಕಿದರೆ ಕಿಟಕಿ ಬಲಕ್ಕೆ ಬರುತ್ತದೆ. ಆಪರೇಶನ್ ಆದದ್ದು ಆ ಬದಿಯ ಸೊಂಟ, ಬಲಕ್ಕೆ ಹೊರಳಲು ಆಯಿಗೆ ಆಗುವುದಿಲ್ಲ. ಉಳಿದದ್ದು ಮೊದಲಿದ್ದ ಹಾಗೆ, ಪಡುವಣಕ್ಕೆ. ಅಣ್ಣ ಕೈ ಬಿಟ್ಟು ನಿಂತ. ಪಡುವಣಕ್ಕೆ ತಲೆ ಹಾಕಿದರೆ ಸಾವಿಲ್ಲ, ಆದರೆ ಚಿಂತೆ ತಪ್ಪುವುದಿಲ್ಲ ಎಂದು ವಾಸ್ತುವಿನವರು ಹೇಳಿ ಹೋಗಿದ್ದರಂತೆ. ಅವನು ನನ್ನ ಮುಖ ನೋಡಿದ. ಜೀವಮಾನದಲ್ಲಿ ಮೊದಲ ಸಲ ನನ್ನ ವಿದ್ಯೆಯಿಂದ ಏನಾದರೂ ಒಂದು ಸಮಾಧಾನ ಸಿಗಬಹುದು ಎಂದು ಕಾದ.

"ಚಿಂತೆ ನಂಗೆ ಹೊಸತಲ್ಲ ಮಗಾ," ಅಂದಳು ಆಯಿ. "ಕಿಟಕಿ ಬದಿಗೆ ಹಾಕು."

ನಾವು ಮೂವರೂ ಸೇರಿ ಮಂಚ ತಿರುಗಿಸಿದೆವು. ಆಯಿ ಎಡಕ್ಕೆ ಹೊರಳಿದಳು. ಹೊರಗೆ ಇನ್ನೂ ಬೆಳಕಿತ್ತು. ಬಹಳ ಹೊತ್ತು ತುಳಸಿಯನ್ನೂ ರಸ್ತೆಯನ್ನೂ ನೋಡಿದಳು. ನಾನು ಬಸ್ಸಿಗೆ ಹೊರಟು ಚೀಲ ಎತ್ತಿಕೊಂಡಾಗ, ತಿರುಗದೆಯೇ, ನನಗೇ ಎಂದು ಹೇಳಿದಳು.

"ನಾಳೆ ಯಾರ್ಯಾರಿಗೋ ಹೇಳ್ಕಂಡು ಹೋಗ್ಬೇಡ. ಅದು ಮೂಡೇಯ."

ಹೂಂ ಅಂದೆ.